ಹಾರದ ವಿಮಾನಗಳ ಶಾಸ್ತ್ರಕಾರ: ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿ

ಸುಗ್ಗಿಯ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಕಣಗಳಲ್ಲಿ ಜೋಳದ ರಾಶಿ ತೂರುವವರು ಗಾಳಿಗಾಗಿ ಕಾದು ನಿಲ್ಲುತ್ತಿದ್ದ ಕಾಲವೊಂದಿತ್ತು. ಗಾಳಿ ಬೀಸಿದರೆ ಹೊಟ್ಟು ದೂರಕ್ಕೆ ಹಾರುತ್ತದೆ, ಕಾಳು ಕಾಲ ಬುಡದಲ್ಲಿಯೇ ಬೀಳುತ್ತದೆ. ಎಷ್ಟು ಗಾಳಿ ಎಷ್ಟು ಭಾರವನ್ನು ಹೊರಬಲ್ಲದು ಎಂಬುದನ್ನು ಈ ನೆಲದ ರೈತ ಯಾವ ಗ್ರಂಥವನ್ನೂ ಓದದೆ ಬಲ್ಲವನಾಗಿದ್ದ. ಗಾಳಿಯನ್ನು ಯಂತ್ರದ ಬಲದಿಂದ ತಳ್ಳಿ, ಆ ತಳ್ಳುವಿಕೆಯಿಂದಲೇ ಮನುಷ್ಯನನ್ನು ಆಕಾಶಕ್ಕೆ ಎತ್ತಬಹುದೇ ಎಂಬ ಪ್ರಶ್ನೆ ಇದರ ಮುಂದುವರಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಅಮೆರಿಕ ಮತ್ತು ಯುರೋಪಿನ ಕಾರ್ಯಾಗಾರಗಳನ್ನು ಆವರಿಸಿಕೊಂಡಿತ್ತು. ಅದೇ ವರ್ಷಗಳಲ್ಲಿ ಬೆಂಗಳೂರಿನ ಪಕ್ಕದ ಆನೇಕಲ್ಲಿನಲ್ಲಿ, ಕೈಯಲ್ಲಿ ಯಾವ ಉಪಕರಣವೂ ಇಲ್ಲದೆ, ಸಂಸ್ಕೃತ ಶ್ಲೋಕಗಳ ಮೂಲಕ ಅದಕ್ಕೆ ಉತ್ತರ ಹೇಳುತ್ತಿದ್ದ ಬಡ ಬ್ರಾಹ್ಮಣರೊಬ್ಬರಿದ್ದರು. ಅವರೇ ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಹೇಳಿ ಬರೆಸಿದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು.

ಈ ಗ್ರಂಥದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಪ್ರಾಚೀನ ಭಾರತದಲ್ಲಿ ವಿಮಾನಗಳು ಹಾರಾಡುತ್ತಿದ್ದವು ಎಂಬ ವಾದ ಎದ್ದಾಗಲೆಲ್ಲ ಇದು ಸಾಕ್ಷಿಗೆ ಬರುತ್ತದೆ. ಆದರೆ ಗ್ರಂಥದ ಹಿಂದಿರುವ ಮನುಷ್ಯನ ಬದುಕು ತಿಳಿದವರು ಕಡಿಮೆ. ಹಸಿವು, ರೋಗ, ಅಲೆದಾಟ ಮತ್ತು ಅಪಾರ ಕಲ್ಪನಾಶಕ್ತಿಗಳಿಂದ ಕೂಡಿದ ಆ ಬದುಕನ್ನು ತಿಳಿದರೆ ಗ್ರಂಥವನ್ನು ಎಲ್ಲಿಡಬೇಕೆಂಬುದೂ ತಿಳಿಯುತ್ತದೆ.

ಬಾಲ್ಯ ಮತ್ತು ಅಲೆದಾಟ

ಸುಬ್ಬರಾಯ ಶಾಸ್ತ್ರಿಗಳು 1866ರಲ್ಲಿ ಹೊಸೂರು ತಾಲ್ಲೂಕಿನ ಸಣ್ಣ ಹಳ್ಳಿಯೊಂದರಲ್ಲಿ ಜನಿಸಿದರು. ಹೊಸೂರು ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿನಾಡು ಅದು. ಆನೇಕಲ್ಲು ಅಲ್ಲಿಂದ ದೂರವಲ್ಲ.

ಅಂದಿನ ವಾಡಿಕೆಯಂತೆ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಮದುವೆಯಾಯಿತು. ಅದಾದ ಸ್ವಲ್ಪ ಕಾಲದಲ್ಲಿ ತಂದೆತಾಯಿಗಳು ತೀರಿಕೊಂಡರು. ಒಡಹುಟ್ಟಿದವರಲ್ಲಿ ಹಲವರನ್ನು ರೋಗ ಮತ್ತು ಬಡತನ ಕಿತ್ತುಕೊಂಡವು. ಅವರ ಮೈಗೂ ವ್ಯಾಧಿ ಅಂಟಿತು. ಮನೆ ಎಂಬುದು ಉಳಿಯಲಿಲ್ಲ. ಊರು ಬಿಟ್ಟು ಹೊರಟ ಹುಡುಗ ಭಿಕ್ಷೆ ಬೇಡುತ್ತ, ಮೈಯ ಹುಣ್ಣುಗಳ ನೋವನ್ನು ಸಹಿಸುತ್ತ, ವರ್ಷಗಟ್ಟಲೆ ಅಲೆದ. ಈ ವಿವರಗಳು ಅವರೇ ಹೇಳಿ ಬರೆಸಿದ ಆತ್ಮಕಥನದಿಂದ ತಿಳಿದುಬಂದಿವೆ.

1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳನ್ನು ಭೀಕರ ಕ್ಷಾಮ ಆವರಿಸಿತ್ತು. ಶಾಸ್ತ್ರಿಗಳಿಗೆ ಆಗ ಹತ್ತು ಹನ್ನೆರಡು ವರ್ಷ. ಲಕ್ಷಾಂತರ ಜನರು ಸತ್ತ, ಊರುಗಳು ಬರಿದಾದ ಆ ಕಾಲದ ಹಿನ್ನೆಲೆಯಲ್ಲಿ ನೋಡಿದರೆ ಗುರುವಿಲ್ಲದ, ಗೂಡಿಲ್ಲದ ಬಾಲಕನ ಅಲೆದಾಟ ಅಸಹಜವೆನಿಸುವುದಿಲ್ಲ.

ಆವಣಿಯ ಗುಹೆ

ಅಲೆಯುತ್ತ ಅವರು ಕೋಲಾರ ಸೀಮೆಯ ಆವಣಿಯನ್ನು ತಲುಪಿದರು. ಮುಳಬಾಗಿಲು ತಾಲ್ಲೂಕಿನ ಈ ಊರು ನೊಳಂಬರ ಕಾಲದ ದೇವಾಲಯಗಳಿಗೆ ಪ್ರಸಿದ್ಧ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇತ್ತೆಂದೂ, ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದೂ ಸ್ಥಳೀಯರು ನಂಬುತ್ತಾರೆ. ಬಂಡೆಗಲ್ಲುಗಳಿಂದ ತುಂಬಿದ ಬೆಟ್ಟದ ತಾಣದಲ್ಲಿ ತಮಗೆ ಒಬ್ಬ ಮಹಾತ್ಮರು ದೊರೆತರೆಂದು ಶಾಸ್ತ್ರಿಗಳು ಹೇಳಿಕೊಂಡಿದ್ದಾರೆ. ಅವರು ತಮ್ಮನ್ನು ಗುಹೆಯೊಂದಕ್ಕೆ ಕರೆದೊಯ್ದು, ವ್ಯಾಧಿಯನ್ನು ಗುಣಪಡಿಸಿ, ಹಲವು ಶಾಸ್ತ್ರಗಳ ರಹಸ್ಯವನ್ನು ಉಪದೇಶಿಸಿದರು. ಅವುಗಳಲ್ಲಿ ವಿಮಾನಗಳ ಶಾಸ್ತ್ರವೂ ಒಂದು ಎಂಬುದು ಅವರ ನಂಬಿಕೆ.

ಗುಹೆಯಲ್ಲಿ ನಡೆದುದಕ್ಕೆ ಶಾಸ್ತ್ರಿಗಳ ಮಾತಿನ ಹೊರತು ಬೇರೆ ಆಧಾರವಿಲ್ಲ. ಆದರೆ ಆ ಅನುಭವ ಅವರ ಬದುಕನ್ನು ಬದಲಿಸಿತೆಂಬುದರಲ್ಲಿ ಸಂದೇಹವಿಲ್ಲ. ಭಿಕ್ಷುಕನಾಗಿ ಹೊರಟವನು ಪಂಡಿತನಾಗಿ ಮರಳಿದ. ಆನೇಕಲ್ಲಿನಲ್ಲಿ ನೆಲೆಸಿ ಸರಳ, ಸಂಪ್ರದಾಯನಿಷ್ಠ ಜೀವನ ನಡೆಸಿದರು. ಧ್ಯಾನಸ್ಥರಾಗಿ ಕುಳಿತು ನಿರರ್ಗಳವಾಗಿ ಸಂಸ್ಕೃತ ಶ್ಲೋಕಗಳನ್ನು ಹೇಳುವ ಅವರ ಶಕ್ತಿ ಕ್ರಮೇಣ ಜನರ ಕಿವಿಗೆ ಬಿತ್ತು.

ಹೇಳಿದವರು, ಬರೆದವರು

ಶಾಸ್ತ್ರಿಗಳು ಸ್ವತಃ ಬರೆಯುತ್ತಿರಲಿಲ್ಲ. ಅವರು ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳುತ್ತಿದ್ದರು. ಅವರನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಬೆಂಗಳೂರಿನ ಪ್ರಸಿದ್ಧ ಜ್ಯೋತಿಷ ವಿದ್ವಾಂಸ ಬಿ. ಸೂರ್ಯನಾರಾಯಣ ರಾವ್ ಮುಖ್ಯರು. ಆಸ್ಟ್ರಲಾಜಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯನ್ನು 1895ರಲ್ಲಿ ಆರಂಭಿಸಿದವರು ಅವರೇ. ಶಾಸ್ತ್ರಿಗಳ ವಿದ್ಯೆಯನ್ನು ಪ್ರಕಟಿಸುವ ಸಲುವಾಗಿ ಭೌತಿಕ ಕಲಾನಿಧಿ ಎಂಬ ಪತ್ರಿಕೆಯೂ ಹೊರಬಂದಿತು.

ವೈಮಾನಿಕ ಶಾಸ್ತ್ರವನ್ನು ಬರೆದುಕೊಂಡವರು ಜಿ. ವೆಂಕಟಾಚಲ ಶರ್ಮ. 1918ರಲ್ಲಿ ಆರಂಭವಾದ ಈ ಕಾರ್ಯ 1923ರ ವರೆಗೆ ನಡೆಯಿತು. ಎಂಟು ಅಧ್ಯಾಯಗಳ, ಸುಮಾರು 3000 ಶ್ಲೋಕಗಳ ಗ್ರಂಥ ಸಿದ್ಧವಾಯಿತು. ಇದರ ಕರ್ತೃ ತಾವಲ್ಲ, ಭರದ್ವಾಜ ಮಹರ್ಷಿಗಳು ಎಂದು ಶಾಸ್ತ್ರಿಗಳು ಹೇಳಿದರು. ಋಷಿಯ ಜ್ಞಾನ ತಮ್ಮ ಮೂಲಕ ಹರಿದುಬರುತ್ತಿದೆ ಎಂದೇ ಅವರು ಭಾವಿಸಿದ್ದರು.

ಗ್ರಂಥದ ವ್ಯಾಪ್ತಿ ಬೆರಗು ಹುಟ್ಟಿಸುತ್ತದೆ. ವಿಮಾನ ನಡೆಸುವವನು ತಿಳಿದಿರಬೇಕಾದ 32 ರಹಸ್ಯಗಳು, ಅವನು ಉಣ್ಣಬೇಕಾದ ಆಹಾರ, ತೊಡಬೇಕಾದ ಬಟ್ಟೆ, ಶಾಖವನ್ನು ತಡೆಯುವ ಲೋಹಗಳು, ಬಗೆಬಗೆಯ ಕನ್ನಡಿಗಳು ಮತ್ತು ಯಂತ್ರಗಳು ಇದರಲ್ಲಿ ವರ್ಣಿತವಾಗಿವೆ. 1923ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಟಿ. ಕೆ. ಎಲ್ಲಪ್ಪನವರು ಶಾಸ್ತ್ರಿಗಳ ಸೂಚನೆಯಂತೆ ವಿಮಾನಗಳ ಚಿತ್ರಗಳನ್ನು ಬರೆದರು. ಶಕುನ, ಸುಂದರ, ರುಕ್ಮ ಮತ್ತು ತ್ರಿಪುರ ಎಂಬ ನಾಲ್ಕು ವಿಮಾನಗಳು ಕಾಗದದ ಮೇಲೆ ರೂಪ ತಳೆದದ್ದು ಹೀಗೆ. ಮುಂದಿನ ಎಲ್ಲ ವಾದವಿವಾದಗಳಿಗೂ ಶ್ಲೋಕಗಳಿಗಿಂತ ಹೆಚ್ಚಾಗಿ ಈ ಚಿತ್ರಗಳೇ ಕಾರಣವಾದವು.

ಪ್ರೊಪೆಲರಿಗಾಗಿ ಹುಡುಕಾಟ

ಶಾಸ್ತ್ರಿಗಳ ಕಲ್ಪನೆಯನ್ನು ಅಳೆಯುವ ಮೊದಲು ಅದೇ ಕಾಲದ ಹೊರಜಗತ್ತನ್ನು ನೋಡಬೇಕು. ವಿಮಾನದ ಮುಂದೆ ಎರಡೋ ಮೂರೋ ಅಲಗುಗಳ ಪ್ರೊಪೆಲರ್ ತಿರುಗುವುದು ನಮಗೆ ಸಹಜವಾಗಿ ಕಾಣುತ್ತದೆ. ಆರಂಭದ ದಿನಗಳಲ್ಲಿ ಅದು ಸಹಜವಾಗಿರಲಿಲ್ಲ. ಗಾಳಿಯನ್ನು ಹಿಡಿದು ಹಿಂದಕ್ಕೆ ತಳ್ಳುವ ಸಾಧನ ಹೇಗಿರಬೇಕೆಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮತವಾಗಿತ್ತು.

ಫ್ರಾನ್ಸಿನ ಕ್ಲೆಮಾ ಅಡೆರ್ 1890ರಲ್ಲಿ ಬಾವಲಿಯ ರೆಕ್ಕೆಗಳನ್ನು ಹೋಲುವ, ಉಗಿಯಂತ್ರದಿಂದ ನಡೆಯುವ ವಾಹನವನ್ನು ಕಟ್ಟಿದ. ಅದರ ಪ್ರೊಪೆಲರಿನ ಅಲಗುಗಳು ಹಕ್ಕಿಯ ಗರಿಗಳ ಆಕಾರದಲ್ಲಿದ್ದವು. ಅದು ನೆಲದಿಂದ ಕೊಂಚ ಎದ್ದು ಸುಮಾರು 50 ಮೀಟರ್ ಸಾಗಿತೇ ಹೊರತು ನಿಯಂತ್ರಿತವಾಗಿ ಹಾರಲಿಲ್ಲ. ಇಂಗ್ಲೆಂಡಿನಲ್ಲಿ ಹಿರಮ್ ಮ್ಯಾಕ್ಸಿಮ್ 1894ರಲ್ಲಿ ಸುಮಾರು 18 ಅಡಿ ವ್ಯಾಸದ ಎರಡು ಪ್ರೊಪೆಲರುಗಳನ್ನು ಉಗಿಯಂತ್ರಗಳಿಗೆ ಜೋಡಿಸಿ, ಹಳಿಗಳ ಮೇಲೆ ಓಡುವ ದೈತ್ಯ ಯಂತ್ರವನ್ನು ನೆಲದಿಂದ ಎತ್ತಿದ, ಯಂತ್ರ ಮುರಿದುಬಿತ್ತು. ಇನ್ನು ಕೆಲವರು ಲೋಹದ ಕೊಳವೆಯ ತುದಿಗೆ ಹುಟ್ಟಿನಂತಹ ತಗಡನ್ನು ಬಡಿದು ತಿರುಗಿಸಿದರು.

ಈ ಗೊಂದಲದಿಂದ ದಾರಿ ತೋರಿದವರು ಅಮೆರಿಕದ ರೈಟ್ ಸಹೋದರರು. ಹಡಗಿನ ಪ್ರೊಪೆಲರಿನ ಲೆಕ್ಕವನ್ನೇ ಗಾಳಿಗೆ ಅನ್ವಯಿಸಬಹುದೆಂದು ಅವರು ಮೊದಲು ಭಾವಿಸಿದ್ದರು. ಅಂತಹ ಭರವಸೆಯ ಲೆಕ್ಕವೇ ಇಲ್ಲವೆಂದು ತಿಳಿದಾಗ ಹೊಸದಾಗಿ ಯೋಚಿಸಿದರು. ಪ್ರೊಪೆಲರ್ ಎಂದರೆ ಸುತ್ತುತ್ತ ಮುಂದೆ ಸಾಗುವ ರೆಕ್ಕೆ ಎಂಬುದು ಅವರು ಕಂಡುಕೊಂಡ ಸತ್ಯ. 1901ರಲ್ಲಿ ತಾವೇ ಕಟ್ಟಿದ ಗಾಳಿಸುರಂಗದಲ್ಲಿ ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿ ಪಡೆದ ಅಂಕಿಗಳು ಅವರ ಬಳಿ ಇದ್ದವು. ಅವುಗಳ ಆಧಾರದಿಂದ ಮರದಲ್ಲಿ ಕೆತ್ತಿದ, ಎಂಟೂವರೆ ಅಡಿ ಉದ್ದದ ಎರಡು ಪ್ರೊಪೆಲರುಗಳು ಇಂಜಿನ್ನಿನ ಶಕ್ತಿಯ ಸುಮಾರು ಮುಕ್ಕಾಲು ಪಾಲನ್ನು ತಳ್ಳುವ ಕೆಲಸಕ್ಕೆ ತಿರುಗಿಸಿದವು. ಇಂಜಿನ್ನಿನ ಶಕ್ತಿ ಸುಮಾರು 12 ಅಶ್ವಶಕ್ತಿ ಮಾತ್ರ. 1903ರ ಡಿಸೆಂಬರ್ 17ರಂದು ಅಷ್ಟೇ ಸಾಕಾಯಿತು.

ನೆಟ್ಟಗೆ ಮೇಲೇಳುವ ಯಂತ್ರಗಳ ಹುಡುಕಾಟ ಇನ್ನೂ ಕಠಿಣವಾಗಿತ್ತು. 1907ರಲ್ಲಿ ಫ್ರಾನ್ಸಿನ ಪಾಲ್ ಕೊರ್ನು 24 ಅಶ್ವಶಕ್ತಿಯ ಇಂಜಿನ್ನಿನಿಂದ ಎರಡು ದೊಡ್ಡ ಪಂಖಗಳನ್ನು ತಿರುಗಿಸಿ ನೆಲಬಿಟ್ಟು ಎದ್ದನೆಂದು ದಾಖಲಾಯಿತು. ನೂರು ವರ್ಷಗಳ ನಂತರ ತಜ್ಞರು ಲೆಕ್ಕ ಹಾಕಿ, ಅಷ್ಟು ಶಕ್ತಿಯಿಂದ ಅದು ಸ್ವತಂತ್ರವಾಗಿ ಏಳಲಾರದಿತ್ತೆಂದು ಸಂದೇಹಿಸಿದರು. ಶಾಸ್ತ್ರಿಗಳ ಗ್ರಂಥ ಸಿದ್ಧವಾಗುತ್ತಿದ್ದಾಗಲೇ, 1922ರ ಡಿಸೆಂಬರಿನಲ್ಲಿ, ಅಮೆರಿಕದ ಡೇಟನ್ನಿನಲ್ಲಿ ಜಾರ್ಜ್ ದ ಬೊತೆಜಾ ಕಟ್ಟಿದ ನಾಲ್ಕು ಪಂಖಗಳ ಯಂತ್ರ ಒಂದೂವರೆ ನಿಮಿಷಕ್ಕೂ ಹೆಚ್ಚು ಕಾಲ ನೆಲದ ಮೇಲೆ ತೇಲಿತು. 1923ರ ಜನವರಿಯಲ್ಲಿ ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಎಂಬಾತನ ಆಟೊಜೈರೊ ಹಾರಿತು. ಅದಕ್ಕೆ ಮುನ್ನ ಅವನ ಮೂರು ಯಂತ್ರಗಳು ಸೋತಿದ್ದವು. ಅಲಗುಗಳನ್ನು ಬುಡದಲ್ಲಿ ಗಟ್ಟಿಯಾಗಿ ಬಿಗಿಯದೆ ಕೀಲಿನ ಮೇಲೆ ಮೇಲೆಕೆಳಗೆ ಆಡಲು ಬಿಡಬೇಕೆಂಬ ಪಾಠವನ್ನು ಆ ಸೋಲುಗಳೇ ಕಲಿಸಿದ್ದವು.

ವಿಚಿತ್ರ ಆಕಾರಗಳು ಅಂದು ನಗೆಪಾಟಲಿನ ವಿಷಯವಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಗರಿಯಂತಹ ಅಲಗು, ಬಾವಲಿಯ ರೆಕ್ಕೆ, ನಾಲ್ಕು ಪಂಖ, ಕೀಲುಳ್ಳ ಪಂಖ ಎಲ್ಲವೂ ಪ್ರಯತ್ನಗಳೇ. ಕೆಲವು ಗೆದ್ದವು, ಬಹಳಷ್ಟು ಸೋತವು. ಗೆದ್ದದ್ದು ಯಾವುದು, ಸೋತದ್ದು ಯಾವುದು ಎಂಬುದನ್ನು ತೀರ್ಮಾನಿಸಿದ್ದು ಮಾತ್ರ ತಕ್ಕಡಿ, ಗಾಳಿಸುರಂಗ ಮತ್ತು ಬಯಲು.

ರುಕ್ಮ ವಿಮಾನದ ಪಂಖಗಳು

ಶಾಸ್ತ್ರಿಗಳ ನಾಲ್ಕು ವಿಮಾನಗಳನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು. ಶಕುನ ವಿಮಾನ ಹೆಸರಿಗೆ ತಕ್ಕಂತೆ ಹಕ್ಕಿಯ ರೂಪದ್ದು. ರೆಕ್ಕೆ ಮತ್ತು ಬಾಲಗಳನ್ನು ಯಂತ್ರಗಳು ಆಡಿಸುತ್ತವೆ. ಚಿತ್ರದಲ್ಲಿ ಉಗಿಯಂತ್ರದ ಭಾಗಗಳಾದ ಸಿಲಿಂಡರ್, ಪಿಸ್ಟನ್, ಹಲ್ಲುಗಾಲಿಗಳು ಕಾಣಿಸುತ್ತವೆ. ಅಡೆರನ ಬಾವಲಿಗೂ ಶಾಸ್ತ್ರಿಗಳ ಹಕ್ಕಿಗೂ ಇರುವ ಸಾಮ್ಯ ಯಾರ ಕಣ್ಣಿಗಾದರೂ ಬೀಳುತ್ತದೆ. ಇಬ್ಬರೂ ಒಂದೇ ಯುಗದವರು. ಉಗಿಯಂತ್ರವೇ ಶಕ್ತಿಯ ಪ್ರತೀಕವಾಗಿದ್ದ ಕಾಲದವರು. ತ್ರಿಪುರ ವಿಮಾನ ನೆಲ, ನೀರು, ಆಕಾಶ ಮೂರರಲ್ಲೂ ಸಂಚರಿಸುವಂಥದ್ದು.

ರುಕ್ಮ ವಿಮಾನ ಇವುಗಳಿಗಿಂತ ಬೇರೆ. ಅದರಲ್ಲಿ ನೆಟ್ಟಗೆ ನಿಂತ ಉದ್ದನೆಯ ಕೊಳವೆಗಳಿವೆ. ಕೊಳವೆಗಳ ಮೇಲ್ತುದಿಯಲ್ಲಿ ಪಂಖಗಳು. ಅವು ಮೇಲಿನ ಗಾಳಿಯನ್ನು ಹೀರಿ ಕೊಳವೆಯ ಮೂಲಕ ಕೆಳಕ್ಕೆ ತಳ್ಳಿದರೆ ವಿಮಾನ ಮೇಲೇಳಬೇಕು. ಈ ವಿಚಾರದಲ್ಲಿ ತಿರುಳಿದೆ. ಗಾಳಿಯನ್ನು ಕೆಳಕ್ಕೆ ದೂಡಿದರೆ ಅದು ದೂಡಿದವನನ್ನು ಮೇಲಕ್ಕೆ ಒತ್ತುತ್ತದೆ. ಹೆಲಿಕಾಪ್ಟರ್ ನಿಲ್ಲುವುದು ಈ ನಿಯಮದ ಮೇಲೆಯೇ. ಪ್ರೊಪೆಲರನ್ನು ಕೊಳವೆಯೊಳಗೆ ಇಡುವ ಯೋಚನೆಯೂ ಹುಚ್ಚುತನವಲ್ಲ. 1932ರಲ್ಲಿ ಇಟಲಿಯ ಲುಯಿಜಿ ಸ್ಟಿಪಾ ವಿಮಾನದ ಒಡಲನ್ನೇ ಪೀಪಾಯಿಯಂತೆ ಟೊಳ್ಳು ಮಾಡಿ, ಅದರೊಳಗೆ ಪ್ರೊಪೆಲರ್ ಮತ್ತು ಇಂಜಿನ್ ಇರಿಸಿ ಹಾರಿಸಿ ತೋರಿಸಿದ.

ಆದರೆ ತಿರುಳಿರುವ ವಿಚಾರ ಹಾರುವ ಯಂತ್ರವಾಗಬೇಕಾದರೆ ಲೆಕ್ಕ ಕೂಡಿಬರಬೇಕು. ಒಂದು ಟನ್ ತೂಕದ ವಾಹನವನ್ನು ಗಾಳಿಯಲ್ಲಿ ನಿಲ್ಲಿಸಬೇಕೆಂದು ಇಟ್ಟುಕೊಳ್ಳೋಣ. ಪಂಖಗಳು ಸುತ್ತುವ ಒಟ್ಟು ವಿಸ್ತೀರ್ಣ 100 ಚದರ ಮೀಟರ್ ಇದ್ದರೆ, ಯಾವ ನಷ್ಟವೂ ಇಲ್ಲವೆಂದು ಭಾವಿಸಿದರೂ ಸುಮಾರು 85 ಅಶ್ವಶಕ್ತಿ ಬೇಕು. ವಿಸ್ತೀರ್ಣ 10 ಚದರ ಮೀಟರಿಗೆ ಇಳಿದರೆ ಸುಮಾರು 265 ಅಶ್ವಶಕ್ತಿ ಬೇಕು. ಒಂದೇ ಚದರ ಮೀಟರಾದರೆ 800ಕ್ಕೂ ಹೆಚ್ಚು. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದು ಅಗ್ಗ, ಕಡಿಮೆ ಗಾಳಿಯನ್ನು ರಭಸದಿಂದ ತಳ್ಳುವುದು ದುಬಾರಿ. ಹೆಲಿಕಾಪ್ಟರಿನ ಪಂಖ ಅಷ್ಟು ಅಗಲವಾಗಿರುವುದು ಇದಕ್ಕಾಗಿ. ಸುತ್ತ ಗಿಡ್ಡ ಕೊಳವೆ ತೊಡಿಸಿದರೆ ಈ ಅಗತ್ಯ ಕೊಂಚ ತಗ್ಗಬಹುದು. ಕೊಳವೆ ಉದ್ದವಾದಷ್ಟೂ ಅದರ ತೂಕ ಮತ್ತು ಒಳಗೋಡೆಯ ಘರ್ಷಣೆ ಆ ಲಾಭವನ್ನು ನುಂಗುತ್ತವೆ. ಅಂದಿನ ಉಗಿಯಂತ್ರಗಳ ಭಾರವನ್ನು ಕೂಡಿಸಿದರೆ ಲೆಕ್ಕ ಇನ್ನಷ್ಟು ಕೈಮೀರುತ್ತದೆ.

ಆಲಮಟ್ಟಿಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯಬಹುದು. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಅಲ್ಲಿ ತಿರುಗುವುದು ಕಪ್ಲಾನ್ ಟರ್ಬೈನು. ಅದೂ ಪ್ರೊಪೆಲರಿನ ವಂಶಕ್ಕೆ ಸೇರಿದ್ದೇ. ನೀರಿನ ಹರಿವಿಗೆ ತಕ್ಕಂತೆ ಅಲಗುಗಳ ಓರೆಯನ್ನು ಬದಲಿಸಿಕೊಳ್ಳುವ ಪ್ರೊಪೆಲರ್ ಅದು. ಆಸ್ಟ್ರಿಯಾದ ವಿಕ್ಟರ್ ಕಪ್ಲಾನ್ ಇದನ್ನು ರೂಪಿಸಿದ್ದು 1912-13ರ ಸುಮಾರಿಗೆ. ಆಗ ಅದೂ ಅಸಾಂಪ್ರದಾಯಿಕ ಕಲ್ಪನೆಯೇ. ಆದರೆ ಕಪ್ಲಾನ್ ಪ್ರಯೋಗಾಲಯದಲ್ಲಿ ಮಾದರಿಗಳನ್ನು ನೀರಿಗಿಳಿಸಿ ವರ್ಷಗಳ ಕಾಲ ಅಳೆದ, ಸೋತ, ತಿದ್ದಿದ. ಅವನ ಮೊದಲ ಟರ್ಬೈನು ಕೆಲಸಕ್ಕೆ ಬಿದ್ದದ್ದು 1919ರಲ್ಲಿ. ಆ ವರ್ಷ ಆನೇಕಲ್ಲಿನ ಶಾಸ್ತ್ರಿಗಳು ಶ್ಲೋಕಗಳನ್ನು ಹೇಳಿ ಬರೆಸುತ್ತಿದ್ದರು.

ಮುಂಬಯಿಯ ಪ್ರಯತ್ನ

ಶಾಸ್ತ್ರಿಗಳ ಕಲ್ಪನೆಯನ್ನು ಯಂತ್ರವಾಗಿಸುವ ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. ಮುಂಬಯಿಯ ಶಿವಕರ ಬಾಪೂಜಿ ತಲಪದೆಯವರು ಅವರ ಮಾರ್ಗದರ್ಶನದಲ್ಲಿ ಕೆಲವು ಮಾದರಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಒಂದೂ ಹಾರಲಿಲ್ಲ. ಇದು ಶಾಸ್ತ್ರಿಗಳ ಬದುಕನ್ನು ಕುರಿತ ದಾಖಲೆಗಳಿಂದಲೇ ತಿಳಿದುಬರುವ ಸಂಗತಿ. ತಲಪದೆಯವರು 1895ರಲ್ಲಿ ಚೌಪಾಟಿಯ ಮೇಲೆ ಚಾಲಕನಿಲ್ಲದ ವಿಮಾನ ಹಾರಿಸಿದರೆಂಬ ಕಥೆ ಜನಪ್ರಿಯವಾಗಿದೆಯಾದರೂ ಅದಕ್ಕೆ ನಂಬಲರ್ಹವಾದ ಸಮಕಾಲೀನ ಆಧಾರ ದೊರೆತಿಲ್ಲ.

ಮಾದರಿ ಹಾರದಿರುವುದು ಅವಮಾನವಲ್ಲ. ಸಿಯೆರ್ವಾನ ಮೊದಲ ಮೂರು ಯಂತ್ರಗಳೂ ಹಾರಿರಲಿಲ್ಲ. ಆದರೆ ಸಿಯೆರ್ವಾ ಸೋಲಿನಿಂದ ನಕ್ಷೆಯನ್ನು ತಿದ್ದಿದ. ಋಷಿವಾಕ್ಯವೆಂದು ನಂಬಿದ ಗ್ರಂಥದಲ್ಲಿ ತಿದ್ದುವುದಕ್ಕೆ ಎಡೆಯಿರಲಿಲ್ಲ. ಯಂತ್ರ ಸೋತರೆ ಕಟ್ಟಿದವನ ಕೈಯಲ್ಲಿ ದೋಷ, ಶ್ಲೋಕದಲ್ಲಲ್ಲ ಎಂದಾಗುತ್ತದೆ. ಶಾಸ್ತ್ರಿಗಳ ಬದುಕಿನ ದುರಂತ ಇಲ್ಲಿದೆ. ತನ್ನ ಕಲ್ಪನೆಯನ್ನು ತನ್ನದೆಂದು ಹೇಳಿಕೊಳ್ಳದ ಕಾರಣ ಅದನ್ನು ಬೆಳೆಸುವ ಹಕ್ಕನ್ನೂ ಅವರು ಕಳೆದುಕೊಂಡರು.

ಅವರ ಸುತ್ತಲಿನ ಪರಿಸರವನ್ನೂ ಮರೆಯಬಾರದು. 1911ರ ಫೆಬ್ರುವರಿ 18ರಂದು ಅಲಹಾಬಾದಿನಿಂದ ನೈನಿಗೆ ವಿಮಾನದಲ್ಲಿ ಅಂಚೆ ಸಾಗಿಸಲಾಗಿತ್ತು. ಭಾರತದ ಆಕಾಶದಲ್ಲಿ ವಿಮಾನ ಹಾರಿತ್ತು, ಆದರೆ ಅದು ಬಿಳಿಯರ ಕೈಯಲ್ಲಿತ್ತು. ಆನೇಕಲ್ಲಿನಿಂದ ಕೆಲವೇ ಹರದಾರಿ ದೂರದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿಯೇ ಸ್ಥಾಪನೆಯಾಗಿತ್ತಾದರೂ ಅಲ್ಲಿ ವಿಮಾನ ವಿಜ್ಞಾನದ ವಿಭಾಗ ಆರಂಭವಾದದ್ದು 1942ರಲ್ಲಿ. ಇಂಗ್ಲಿಷ್ ಓದಿಲ್ಲದ, ಶಾಲೆಯ ಮೆಟ್ಟಿಲು ಹತ್ತಲಾಗದ ಪ್ರತಿಭೆಗೆ ಗಾಳಿಸುರಂಗದ ಬಾಗಿಲು ತೆರೆಯುವವರು ಯಾರಿದ್ದರು? ಪರರ ಆಳ್ವಿಕೆಯಲ್ಲಿ ನಮ್ಮ ಪೂರ್ವಿಕರೂ ಹಾರಿದ್ದರು ಎಂಬ ಮಾತು ಎಷ್ಟೋ ಮನಸ್ಸುಗಳಿಗೆ ಸಮಾಧಾನ ನೀಡಿದ್ದರೆ ಆಶ್ಚರ್ಯವಿಲ್ಲ.

ಮರಣದ ನಂತರ ಬಂದ ಕೀರ್ತಿ

ಸುಬ್ಬರಾಯ ಶಾಸ್ತ್ರಿಗಳು 1940ರಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಸಾಹಸ ಮತ್ತು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಇಂದಿನ ಎಚ್‌ಎಎಲ್ ಅದರ ಮುಂದುವರಿಕೆ. ಅಲ್ಲಿ ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಎಚ್‌ಟಿ-2 ಹಾರಿದ ಮರುವರ್ಷ, 1952ರಲ್ಲಿ, ಮೈಸೂರಿನ ಜಿ. ಆರ್. ಜೋಸ್ಯರ್ ಅವರು ವೈಮಾನಿಕ ಶಾಸ್ತ್ರದ ಹಸ್ತಪ್ರತಿಯ ವಿಷಯವನ್ನು ಜಗತ್ತಿಗೆ ಸಾರಿದರು. 1959ರಲ್ಲಿ ಅದರ ಹಿಂದಿ ಅನುವಾದ ಪ್ರಕಟವಾಯಿತು. 1973ರಲ್ಲಿ ಜೋಸ್ಯರ್ ಅವರು ಎಲ್ಲಪ್ಪನವರ ಚಿತ್ರಗಳೊಂದಿಗೆ ಸಂಸ್ಕೃತ ಮೂಲ ಮತ್ತು ಇಂಗ್ಲಿಷ್ ಅನುವಾದವನ್ನು ಹೊರತಂದರು. ಗ್ರಂಥ ದೇಶವಿದೇಶಗಳಲ್ಲಿ ಹರಡಿತು. ಹರಡುತ್ತ ಹೋದಂತೆ ಶಾಸ್ತ್ರಿಗಳ ಹೆಸರು ಹಿಂದೆ ಸರಿಯಿತು, ಭರದ್ವಾಜರ ಹೆಸರು ಮುಂದೆ ಬಂತು. 1923ರ ಗ್ರಂಥ ಸಾವಿರಾರು ವರ್ಷಗಳ ಹಿಂದಿನದಾಗಿಬಿಟ್ಟಿತು.

1974ರ ಪರೀಕ್ಷೆ

ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಅವರು ಆ ಐವರು. ಇವರು ಪರಂಪರೆಯ ವಿರೋಧಿಗಳಾಗಿರಲಿಲ್ಲ. ನಾಗೇಂದ್ರ ಅವರು ಮುಂದೆ ಯೋಗ ಸಂಶೋಧನೆಯಲ್ಲಿಯೇ ಹೆಸರಾದರು. ಅವರು ಶ್ಲೋಕಗಳ ಭಾಷೆಯನ್ನು ಪರಿಶೀಲಿಸಿದರು, ಹಸ್ತಪ್ರತಿಗಳ ಚರಿತ್ರೆಯನ್ನು ಹುಡುಕಿದರು, ಬರೆದುಕೊಂಡ ವೆಂಕಟಾಚಲ ಶರ್ಮರನ್ನು ಸಂಪರ್ಕಿಸಿದರು, ನಾಲ್ಕೂ ವಿಮಾನಗಳನ್ನು ವಿಮಾನ ವಿಜ್ಞಾನದ ಒರೆಗೆ ಹಚ್ಚಿದರು.

ಫಲಿತಾಂಶ ಸ್ಪಷ್ಟವಾಗಿತ್ತು. ಶ್ಲೋಕಗಳ ಭಾಷೆ ವೇದಕಾಲದ್ದಲ್ಲ, ಆಧುನಿಕ ಸಂಸ್ಕೃತ. ಗ್ರಂಥ 1904ಕ್ಕಿಂತ ಹಿಂದಿನದೆಂಬುದಕ್ಕೆ ಆಧಾರವಿಲ್ಲ. ಪಠ್ಯಕ್ಕೂ ಚಿತ್ರಗಳಿಗೂ ಹೊಂದಾಣಿಕೆಯಿಲ್ಲ. ಚಿತ್ರಗಳಲ್ಲಿರುವ ಯಂತ್ರಭಾಗಗಳು ಆ ಕಾಲದ ಕಾರ್ಖಾನೆಗಳವು. ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ. ಅವುಗಳನ್ನು ಮುನ್ನಡೆಸಬೇಕಾದ ಏರ್ಪಾಡುಗಳು ಹಾರಾಟಕ್ಕೆ ನೆರವಾಗುವುದಕ್ಕಿಂತ ಅಡ್ಡಿಯಾಗುವಂಥವು. ಕೊಂಚವಾದರೂ ಅರ್ಥ ಕಂಡದ್ದು ರುಕ್ಮ ವಿಮಾನದ ಪಂಖಗಳ ಕಲ್ಪನೆಯಲ್ಲಿ ಮಾತ್ರ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ವಿದ್ವಾಂಸರು ಹಸ್ತಪ್ರತಿಯ ಚರಿತ್ರೆ ಮಸುಕಾದುದಕ್ಕೆ ಶಾಸ್ತ್ರಿಗಳನ್ನು ದೂರಲಿಲ್ಲ. ಆ ಹೊಣೆಯನ್ನು ಅವರು ಪ್ರಕಟಣೆಗೆ ಸಂಬಂಧಪಟ್ಟವರ ಮೇಲೆ ಹೊರಿಸಿದರು.

ಇಷ್ಟಾದರೂ ವಿವಾದ ಮುಗಿಯಲಿಲ್ಲ. 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಕುರಿತ ಪ್ರಬಂಧ ಮಂಡನೆಯಾಗಿ ದೇಶದಾದ್ಯಂತ ಚರ್ಚೆ ಎದ್ದಿತು. ನಾಲ್ಕು ದಶಕಗಳ ಹಿಂದಿನ ಬೆಂಗಳೂರಿನ ವರದಿಯನ್ನು ಆಗ ಮತ್ತೆ ಹುಡುಕಿ ಓದಲಾಯಿತು.

ಶಾಸ್ತ್ರಿಗಳಿಗೆ ಸಲ್ಲಬೇಕಾದದ್ದು

ಪ್ರಾಚೀನ ಭಾರತದ ವಿಜ್ಞಾನಕ್ಕೆ ಈ ಗ್ರಂಥದ ಆಸರೆ ಬೇಕಾಗಿಲ್ಲ. 1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ; ಕೆಲವು ವಿದ್ವಾಂಸರು ಅದನ್ನು ನಮ್ಮ ವಿಜಯಪುರದೊಂದಿಗೆ ಗುರುತಿಸುತ್ತಾರೆ. 1150ರಲ್ಲಿ ರಚಿತವಾದ ಅವರ ಸಿದ್ಧಾಂತ ಶಿರೋಮಣಿಯ ಲೆಕ್ಕಗಳನ್ನು ಇಂದಿಗೂ ಯಾವ ವಿದ್ಯಾರ್ಥಿಯಾದರೂ ಮಾಡಿ ನೋಡಬಹುದು, ಉತ್ತರ ಸರಿಬರುತ್ತದೆ. ಭಾಸ್ಕರಾಚಾರ್ಯರ ಹಿರಿಮೆ ನಿಂತಿರುವುದು ಹೀಗೆ ಒರೆಗೆ ನಿಲ್ಲುವ ಗುಣದ ಮೇಲೆ. ವೈಮಾನಿಕ ಶಾಸ್ತ್ರವನ್ನು ಅದೇ ಸಾಲಿನಲ್ಲಿ ಕೂರಿಸಿದರೆ ಭಾಸ್ಕರಾಚಾರ್ಯರಿಗೆ ಅನ್ಯಾಯವಾಗುತ್ತದೆ, ಶಾಸ್ತ್ರಿಗಳಿಗೂ ಅನ್ಯಾಯವಾಗುತ್ತದೆ.

ಏಕೆಂದರೆ ಗ್ರಂಥವನ್ನು ಭರದ್ವಾಜರದೆಂದು ಒಪ್ಪಿಬಿಟ್ಟರೆ ಶಾಸ್ತ್ರಿಗಳಿಗೆ ಉಳಿಯುವುದು ಬರಿಯ ಬಾಯಿಯ ಪಾತ್ರ. ಅದು ಅವರದೇ ಎಂದು ಒಪ್ಪಿಕೊಂಡರೆ ಚಿತ್ರ ಬೇರೆಯಾಗುತ್ತದೆ. ತಂದೆತಾಯಿಗಳಿಲ್ಲದೆ, ಓದಿಲ್ಲದೆ, ಭಿಕ್ಷೆಯನ್ನವುಂಡು ಬೆಳೆದ ಒಬ್ಬ ಹಳ್ಳಿಯ ಹುಡುಗ, ಮುಂದೆ ಒಂದು ದಿನ ಕೊಳವೆಯೊಳಗಿನ ಪಂಖ ಗಾಳಿಯನ್ನು ಕೆಳಕ್ಕೆ ತಳ್ಳಿ ವಾಹನವನ್ನು ಎತ್ತಬಲ್ಲದೆಂದು ತಾನಾಗಿಯೇ ಊಹಿಸಿದ. ಅವನಿಗೆ ದೊರೆಯದೆ ಹೋದದ್ದು ಒಂದು ತಕ್ಕಡಿ, ಒಂದು ಕಾರ್ಯಾಗಾರ ಮತ್ತು ತಪ್ಪನ್ನು ತಪ್ಪೆಂದು ಹೇಳಬಲ್ಲ ಒಬ್ಬ ಗುರು.

ಇಂದು ಪರಿಸ್ಥಿತಿ ಹಾಗಿಲ್ಲ. ಸಿಂದಗಿಯ ಅಥವಾ ಮುದ್ದೇಬಿಹಾಳದ ಪ್ರೌಢಶಾಲೆಯ ವಿದ್ಯಾರ್ಥಿ ಆಟಿಕೆಯ ಮೋಟರಿಗೆ ಚಿಕ್ಕ ಪಂಖವನ್ನು ಸಿಕ್ಕಿಸಿ, ಕಿರಾಣಿ ಅಂಗಡಿಯ ತಕ್ಕಡಿಯ ಮೇಲಿಟ್ಟು, ಅದು ತಿರುಗುವಾಗ ತೂಕ ಎಷ್ಟು ಗ್ರಾಮ್ ಇಳಿಯುತ್ತದೆಂದು ನೋಡಬಹುದು. ಅದರ ಸುತ್ತ ರಟ್ಟಿನ ಕೊಳವೆ ತೊಡಿಸಿ ಮತ್ತೆ ತೂಗಬಹುದು. ರುಕ್ಮ ವಿಮಾನದ ಪ್ರಶ್ನೆಗೆ ಆನೇಕಲ್ಲಿನಲ್ಲಿ ಯಾರೂ ಕೇಳಿ ಪಡೆಯದ ಉತ್ತರ ಆ ಮುಳ್ಳಿನ ಚಲನೆಯಲ್ಲಿ ಸಿಗುತ್ತದೆ.